ಎಲ್ಲರಿಗೂ ಒಂದೇ ಅಚ್ಚು

ಬಳೆಗಾರ ಕೈ ಹಿಡಿದು, ಗೆಣ್ಣು ಒತ್ತಿ ನೋಡಿ, ‘ಎರಡೂ ಆರು’ ಎಂದೋ ‘ಎರಡೂ ಎಂಟು’ ಎಂದೋ ಹೇಳಿಬಿಡುತ್ತಾನೆ. ಚಪ್ಪಲಿಗೆ ನಂಬರಿದೆ, ಬನಿಯನ್ನಿಗೆ 85, 90 ಎಂಬ ಲೆಕ್ಕವಿದೆ. ಮೆಡಿಕಲ್ ಶಾಪಿನಲ್ಲಿ ಕಾಂಡೋಮ್ ಕೇಳುವವನ ಮುಂದೆ ಮಾತ್ರ ಚಾಕೊಲೇಟೋ ಸ್ಟ್ರಾಬೆರಿಯೋ ಎಂಬ ಆಯ್ಕೆ ಬರುತ್ತದೆಯೇ ಹೊರತು ಅಳತೆಯ ಮಾತು ಬರುವುದಿಲ್ಲ. ಇದಕ್ಕೆ ನಮ್ಮ ಸಂಕೋಚವೇ ಕಾರಣ ಎಂದುಬಿಡುವುದು ಸುಲಭ. ಆದರೆ ಈ ವಸ್ತುವಿನ ಚರಿತ್ರೆ ಬೇರೆಯದನ್ನೇ ಹೇಳುತ್ತದೆ. ಒಂದು ಕಾಲಕ್ಕೆ ಇದಕ್ಕೂ ಅಳತೆಯಿತ್ತು. ಅದು ಕಳೆದುಹೋದದ್ದು ಕಾರ್ಖಾನೆಯಲ್ಲಿ, ಆಮೇಲೆ ಸರ್ಕಾರದ ಉಗ್ರಾಣದಲ್ಲಿ. ಸಂಕೋಚ ಅದರ ಮೇಲೆ ಹೊದಿಸಿದ ಬಟ್ಟೆ, ಅಷ್ಟೆ.

ಇಟಲಿಯ ವೈದ್ಯ ಗೇಬ್ರಿಯೆಲೆ ಫಲೋಪಿಯೊ (ಹೆಂಗಸರ ಫೆಲೋಪಿಯನ್ ನಾಳಕ್ಕೆ ಇವನದೇ ಹೆಸರು) ಸಿಫಿಲಿಸ್ ತಡೆಯಲು ನಾರುಬಟ್ಟೆಯ ಒಂದು ಹೊದಿಕೆಯನ್ನು ವಿವರಿಸಿದ. ಅವನು ಸತ್ತು ಎರಡು ವರ್ಷವಾದ ಮೇಲೆ, 1564ರಲ್ಲಿ, ಆ ಪುಸ್ತಕ ಅಚ್ಚಾಯಿತು. ದ್ರಾವಣದಲ್ಲಿ ನೆನೆಸಿ ಒಣಗಿಸಿದ ಆ ಬಟ್ಟೆ ಶಿಶ್ನದ ತುದಿಯನ್ನಷ್ಟೇ ಮುಚ್ಚುತ್ತಿತ್ತು. 1,100 ಗಂಡಸರ ಮೇಲೆ ಪ್ರಯೋಗ ಮಾಡಿದೆ, ಒಬ್ಬನಿಗೂ ರೋಗ ತಗುಲಲಿಲ್ಲ ಎಂದು ಅವನು ಹೇಳಿಕೊಂಡ. ಅಷ್ಟನ್ನೂ ನಂಬಬೇಕಾಗಿಲ್ಲ. ಬಟ್ಟೆಯ ಜೊತೆಗೆ ಪ್ರಾಣಿಗಳ ಕರುಳೂ ಬಂತು. ಇಂಗ್ಲೆಂಡಿನ ಡಡ್ಲಿ ಕೋಟೆಯ ಶೌಚಗುಂಡಿಯಲ್ಲಿ 17ನೆಯ ಶತಮಾನದ ಕರುಳಿನ ಚೀಲಗಳು ಸಿಕ್ಕಿವೆ. 18ನೆಯ ಶತಮಾನದಲ್ಲಿ ಇವುಗಳ ಬಾಯಿಗೆ ರಿಬ್ಬನ್ ಇರುತ್ತಿತ್ತು. ಎಷ್ಟು ಬಿಗಿಯಬೇಕೋ ಅಷ್ಟನ್ನು ತೊಟ್ಟವನೇ ಬಿಗಿದುಕೊಳ್ಳುತ್ತಿದ್ದ. 1844ರಲ್ಲಿ ಚಾರ್ಲ್ಸ್ ಗುಡ್‌ಇಯರ್ ರಬ್ಬರನ್ನು ಗಂಧಕ ಸೇರಿಸಿ ಹದಗೊಳಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. 1850ರ ದಶಕದಲ್ಲಿ ರಬ್ಬರಿನ ಕಾಂಡೋಮ್ ಬಂತು. ಮೊದಮೊದಲಿನವು ತುದಿಗಷ್ಟೇ ಹಾಕುವಂಥವು. ವೈದ್ಯನೇ ಅಳತೆ ತೆಗೆದು ತರಿಸಿಕೊಡಬೇಕಿತ್ತು. ಅಷ್ಟು ಮಾಡಿದರೂ ಅವು ಕಳಚಿ ಬೀಳುತ್ತಿದ್ದವು. ಉದ್ದಕ್ಕೆ ಪೂರ್ತಿ ಮುಚ್ಚುವ, ಎಲ್ಲರಿಗೂ ಒಂದೇ ಅಳತೆಯ ಮಾಲು ಮಾಡಿದರೆ ವೈದ್ಯನ ಹಂಗಿಲ್ಲದೆ ಔಷಧಿ ಅಂಗಡಿಯಲ್ಲೇ ಮಾರಬಹುದು ಎಂಬುದು ತಯಾರಕರಿಗೆ ಬೇಗ ಹೊಳೆಯಿತು. ಅಳತೆ ಬಿಟ್ಟುಹೋದದ್ದು ಅಲ್ಲಿ. ಮೈಗೆ ಒಪ್ಪುತ್ತದೆ ಎಂದಲ್ಲ, ವ್ಯಾಪಾರಕ್ಕೆ ಒಪ್ಪಿತು ಎಂದು.

ಅದನ್ನು ಗಟ್ಟಿ ಮಾಡಿದ್ದು ಗಾಜಿನ ಅಚ್ಚು. ಮೊದಲ ಮಹಾಯುದ್ಧದ ಹೊತ್ತಿಗೆ ಬರ್ಲಿನ್ನಿನ ಜೂಲಿಯಸ್ ಫ್ರೋಮ್ ಗಾಜಿನ ಅಚ್ಚನ್ನು ರಬ್ಬರ್ ದ್ರಾವಣದಲ್ಲಿ ಅದ್ದಿ ಹೊಲಿಗೆಯಂಥ ಜೋಡಣೆಯಿಲ್ಲದ ಕಾಂಡೋಮ್ ತೆಗೆದ. 1920ರ ದಶಕದಲ್ಲಿ ಲ್ಯಾಟೆಕ್ಸ್ ಬಂತು. ಇಂದಿಗೂ ಕೆಲಸ ನಡೆಯುವುದು ಹಾಗೆಯೇ. ಚೈನಿಗೆ ಸಾಲಾಗಿ ಕಟ್ಟಿದ ಅಚ್ಚುಗಳು ಹಾಲಿನಂಥ ಲ್ಯಾಟೆಕ್ಸ್ ತೊಟ್ಟಿಯಲ್ಲಿ ಮುಳುಗಿ ಎದ್ದು, ಒಣಗಿ, ಮತ್ತೊಮ್ಮೆ ಮುಳುಗುತ್ತವೆ. ತಿರುಗುವ ಬ್ರಷ್ಷು ಬಾಯಂಚನ್ನು ಸುರುಳಿ ಸುತ್ತಿ ಉಂಗುರ ಮಾಡುತ್ತದೆ. ಬಿಸಿಯಲ್ಲಿ ಹದಗೊಂಡ ಮೇಲೆ ಅಚ್ಚಿನಿಂದ ಬಿಡಿಸಿ, ಒಂದೊಂದನ್ನೂ ವಿದ್ಯುತ್ ಹಾಯಿಸಿ ತೂತು ಹುಡುಕುತ್ತಾರೆ. ಇಲ್ಲಿ ಅಗಲ ಎಂದರೆ ಅಚ್ಚಿನ ದಪ್ಪ. ನಾಲ್ಕು ಮಿಲಿಮೀಟರ್ ಹೆಚ್ಚುಕಡಿಮೆ ಮಾಡಬೇಕೆಂದರೂ ಇಡೀ ಸಾಲಿನ ಅಚ್ಚುಗಳನ್ನು ಬದಲಿಸಬೇಕು. ಫ್ರೋಮ್‌ನ ಕಾಲದಲ್ಲಿ ಹೆಂಗಸರು ಬಳಸುತ್ತಿದ್ದ ರಬ್ಬರಿನ ಡಯಾಫ್ರಾಮಿಗೆ ಹಲವು ಅಳತೆಗಳಿದ್ದವು, ವೈದ್ಯರು ಪರೀಕ್ಷಿಸಿ ಸರಿಹೊಂದುವುದನ್ನು ಕೊಡುತ್ತಿದ್ದರು. ಹೆಂಗಸಿನ ದೇಹದಲ್ಲಿ ವ್ಯತ್ಯಾಸವಿದೆ ಎಂದು ಒಪ್ಪಿದ ರಬ್ಬರ್ ಉದ್ಯಮ, ಗಂಡಸಿನ ವಿಷಯದಲ್ಲಿ ಅದನ್ನು ಮರೆತದ್ದು ನನಗೆ ಆಕಸ್ಮಿಕವಾಗಿ ತೋರುವುದಿಲ್ಲ.

ನಮ್ಮಲ್ಲಿ ಕುಟುಂಬ ಯೋಜನೆಯ ಕೆಂಪು ತ್ರಿಕೋನದ ಜೊತೆ ಸರ್ಕಾರದ ಕಾಂಡೋಮ್ ‘ನಿರೋಧ್’ 1968ರಲ್ಲಿ ಬಂತು. ಮೂರಕ್ಕೆ 15 ಪೈಸೆ. ಹಂಚಿದವರು ಲಿಪ್ಟನ್, ಬ್ರೂಕ್ ಬಾಂಡ್, ಹಿಂದೂಸ್ತಾನ್ ಲೀವರ್‌ನಂಥ ಚಹಾ, ಸಾಬೂನಿನ ಕಂಪನಿಗಳು, ಏಕೆಂದರೆ ಹಳ್ಳಿಯ ಕಿರಾಣಿ ಅಂಗಡಿಯ ದಾರಿ ಗೊತ್ತಿದ್ದದ್ದು ಅವರಿಗೆ. ಮೊದಲು ಸೂಚಿಸಿದ್ದ ‘ಕಾಮರಾಜ್’ ಎಂಬ ಹೆಸರನ್ನು ಕಾಂಗ್ರೆಸ್ ನಾಯಕರ ಹೆಸರೇ ಅದಾದ್ದರಿಂದ ಕೈಬಿಟ್ಟರೆಂಬ ಕತೆ ಇಂದಿಗೂ ಚಾಲ್ತಿಯಲ್ಲಿದೆ. 1966ರಲ್ಲಿ ಹುಟ್ಟಿದ ಹಿಂದೂಸ್ತಾನ್ ಲ್ಯಾಟೆಕ್ಸ್, ಜಪಾನಿನ ಒಕಾಮೊಟೊ ಕಂಪನಿಯ ತಂತ್ರಜ್ಞಾನ ಪಡೆದು 1969ರಲ್ಲಿ ತಿರುವನಂತಪುರದಲ್ಲಿ ಉತ್ಪಾದನೆ ಆರಂಭಿಸಿತು. ಮುಂದೆ ನಮ್ಮ ಬೆಳಗಾವಿ ಜಿಲ್ಲೆಯ ಕಣಗಲಾದಲ್ಲೂ ಕಾರ್ಖಾನೆ ತೆರೆಯಿತು. ‘ಆರತಿಗೊಬ್ಬಳು ಕೀರ್ತಿಗೊಬ್ಬ’ ಎಂದು ಗೋಡೆ ಬರಹ ಬರೆಸಿದ ಯೋಜನೆಗೆ ಬೇಕಾಗಿದ್ದದ್ದು ಸಂಖ್ಯೆ: ಎಷ್ಟು ಕೋಟಿ ತಯಾರಾಯಿತು, ಎಷ್ಟು ಕೋಟಿ ಹಂಚಿದೆವು. ಬಡ ದೇಶದಲ್ಲಿ ಐದು ಪೈಸೆಗೆ ಒಂದನ್ನು ಮನೆಬಾಗಿಲಿಗೆ ಮುಟ್ಟಿಸುವುದೇ ದೊಡ್ಡ ಕೆಲಸ, ಅದಕ್ಕೆ ನಾಲ್ಕು ಅಳತೆ ಬೇರೆಯೇ ಎಂದು ಯಾರಾದರೂ ಕೇಳಿದರೆ ಆ ಕಾಲದ ಮಟ್ಟಿಗೆ ಒಪ್ಪುತ್ತೇನೆ. ಆ ಕಾಲ ಮುಗಿದು ದಶಕಗಳಾದವು ಎಂಬುದನ್ನು ಒಪ್ಪದಿರುವುದು ಮಾತ್ರ ಸರಿಯಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪವೊಂದಿದೆ. ಲ್ಯಾಟೆಕ್ಸ್ ಹಿಗ್ಗುತ್ತದೆ, ಹಾಗಿರುವಾಗ ಅಳತೆಯ ರಗಳೆ ಏಕೆ? ಹಿಗ್ಗುವುದು ನಿಜ. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಮಾದರಿಗೆಂದು ತೆಗೆದ ಕಾಂಡೋಮಿಗೆ ಗಾಳಿ ತುಂಬಿದರೆ, ಸಾಮಾನ್ಯ ಅಗಲದ್ದು 18 ಲೀಟರ್ ತುಂಬುವ ಮೊದಲು ಒಡೆಯಬಾರದು. ಒಂದು ದೊಡ್ಡ ಬಿಂದಿಗೆಯ ಗಾತ್ರ ಅದು. ಆದರೆ ಆ ಪರೀಕ್ಷೆ ರಬ್ಬರಿನದು, ಹೊಂದಿಕೆಯದಲ್ಲ. ಒಡೆಯದಿದ್ದರೂ ಬಿಗಿಯಾದ ಉಂಗುರ ಬುಡದಲ್ಲಿ ಒತ್ತುತ್ತದೆ. ಸಡಿಲವಾದದ್ದು ಹಿಗ್ಗುವ ಪ್ರಶ್ನೆಯೇ ಇಲ್ಲದೆ ಜಾರುತ್ತದೆ. ಇನ್ನು ಕೆಲವರು, ವಿಫಲವಾಗುವುದು ತಪ್ಪು ಬಳಕೆಯಿಂದ ಎನ್ನುತ್ತಾರೆ. ಹಲ್ಲಿನಿಂದ ಪೊಟ್ಟಣ ಹರಿಯುವುದು, ಕೊಬ್ಬರಿ ಎಣ್ಣೆ ಹಚ್ಚುವುದು (ಎಣ್ಣೆ ಲ್ಯಾಟೆಕ್ಸನ್ನು ಕೆಡಿಸುತ್ತದೆ), ಅವಧಿ ಮೀರಿದ್ದನ್ನು ಹಾಕಿಕೊಳ್ಳುವುದು, ಇವೆಲ್ಲ ಕಾರಣಗಳೇ. ಆದರೆ ಅಮೆರಿಕದಲ್ಲಿ 436 ಗಂಡಸರನ್ನು ವಿಚಾರಿಸಿ 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಳತೆ ಸರಿಯಿರಲಿಲ್ಲ ಎಂದವರಲ್ಲೇ ಹರಿದದ್ದು, ಜಾರಿದ್ದು ಹೆಚ್ಚು ಕಂಡಿತು; ಮುಗಿಯುವ ಮೊದಲೇ ತೆಗೆದುಹಾಕಿದವರೂ ಅವರಲ್ಲೇ ಹೆಚ್ಚು. ಮಧ್ಯದಲ್ಲಿ ಕಿತ್ತೆಸೆದವನನ್ನು ಬೇಜವಾಬ್ದಾರ ಎಂದು ಬೈಯುವುದಕ್ಕೆ ಮುಂಚೆ ಅವನ ಕೈಗೆ ಏನು ಕೊಟ್ಟಿದ್ದೆವು ಎಂದು ಕೇಳಬೇಡವೇ? 2006ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನವೊಂದು ಸುಮಾರು 1,200 ಗಂಡಸರನ್ನು ಅಳೆದು, ಅರ್ಧಕ್ಕಿಂತ ಹೆಚ್ಚು ಮಂದಿಗೆ ಅಂತರರಾಷ್ಟ್ರೀಯ ಅಳತೆಯ ಕಾಂಡೋಮ್ ದೊಡ್ಡದಾಗುತ್ತದೆ ಎಂದಿತು. ಪತ್ರಿಕೆಗಳು ಅದನ್ನು ದೇಶದ ಮಾನದ ಪ್ರಶ್ನೆ ಮಾಡಿ ನಕ್ಕವು. ಟೇಲರ್ ಟೇಪು ಹಿಡಿದರೆ ಅವಮಾನ ಎನ್ನುವವರುಂಟೇ?

ಕಳೆದುಹೋದ ಅಳತೆ ನಿಧಾನವಾಗಿ ಮರಳುತ್ತಿದೆ. 2022ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅನುಮತಿ ಕೊಟ್ಟ ಒಂದು ಬ್ರ್ಯಾಂಡಿನಲ್ಲಿ ಆಗ 54 ಅಳತೆಗಳಿದ್ದವು, ಜೊತೆಗೆ ಅಳೆದುಕೊಳ್ಳಲು ಕಾಗದದ ಪಟ್ಟಿ. ನಮ್ಮಲ್ಲಿ ಅಷ್ಟು ಸಿಗದಿದ್ದರೂ ಅಗಲದಲ್ಲಿ ವ್ಯತ್ಯಾಸ ಇದ್ದೇ ಇದೆ. ಸಾಮಾನ್ಯವಾಗಿ 49, 53 ಮಿ.ಮೀ. ಚಪ್ಪಟೆ ಹಾಸಿದಾಗಿನ ಅಗಲ ಇದು, ಸುತ್ತಳತೆಯ ಅರ್ಧ. ರಬ್ಬರು ಸ್ವಲ್ಪ ಹಿಗ್ಗಿಯೇ ಹಿಡಿಯಬೇಕಾದ್ದರಿಂದ ಮೈಯಳತೆಗಿಂತ ಕಡಿಮೆ ಇರುತ್ತದೆ. ಉದ್ರೇಕದ ಸ್ಥಿತಿಯಲ್ಲಿ ದಪ್ಪ ಇರುವ ಕಡೆ ಒಂದು ದಾರ ಸುತ್ತಿ ಸ್ಕೇಲಿನ ಮೇಲೆ ಇಟ್ಟು ನೋಡಿ. 10ರಿಂದ 11 ಸೆಂ.ಮೀ. ಇದ್ದರೆ 49, ಅದಕ್ಕಿಂತ ತುಸು ಹೆಚ್ಚಿದ್ದರೆ 53 ಎಂಬುದು ಸುಮಾರು ಲೆಕ್ಕ. ಬುಡದಲ್ಲಿ ಗುರುತು ಬೀಳುವಷ್ಟು ಒತ್ತಿದರೆ ಒಂದು ಅಳತೆ ಮೇಲಕ್ಕೆ, ಸುಕ್ಕುಗಟ್ಟಿ ಜಾರಿದರೆ ಒಂದು ಅಳತೆ ಕೆಳಕ್ಕೆ. ಮುಂದಿನ ಸಲ ಪೊಟ್ಟಣ ತಿರುಗಿಸಿ ಮಿಲಿಮೀಟರ್ ಹುಡುಕಿ; ಬರೆದಿರದಿದ್ದರೆ ಅಂಗಡಿಯವನನ್ನು ಕೇಳಿ.