ದರೋಜಿ ಈರಮ್ಮ: ಹೆಸರು ಒಬ್ಬರದು, ಕೊರಳು ಮೂವರದು

ಹಗಲಲ್ಲಿ ಮನೆ ಮನೆ ತಿರುಗಿ ಕಾಳು ಕೇಳುವುದು, ರಾತ್ರಿ ಊರ ನಡುವೆ ನಿಂತು ಕಥೆ ಹಾಡುವುದು. ಬಳ್ಳಾರಿ ಸೀಮೆಯ ಬುಡ್ಗ ಜಂಗಮರೆಂಬ ಅಲೆಮಾರಿಗಳ ಬದುಕು ಬಹುಕಾಲ ಹೀಗೆಯೇ ನಡೆದುಬಂತು. ಹಾಡುವವರ ಹೆಸರನ್ನು ಯಾರೂ ಕೇಳುತ್ತಿರಲಿಲ್ಲ. 'ಬುರ್ರಕಥೆಯವರು ಬಂದರು' ಎಂದರೆ ಸಾಕಿತ್ತು. ಆ ಸಮುದಾಯದ ಹೆಣ್ಣುಮಗಳೊಬ್ಬಳ ಹೆಸರು ವಿಶ್ವವಿದ್ಯಾಲಯದವರೆಗೆ ಹೋದದ್ದು ಸಣ್ಣ ಸಂಗತಿಯಲ್ಲ.

ಕರಡಿಧಾಮದಿಂದಾಗಿ ಇಂದು ಎಲ್ಲರಿಗೂ ಗೊತ್ತಿರುವ ಸಂಡೂರು ತಾಲ್ಲೂಕಿನ ದರೋಜಿ ಈರಮ್ಮನವರ ಊರು. ಶಾಲೆಯ ಓದಿಲ್ಲ. ತಂದೆಯಿಂದ ಕೇಳಿ ಕಲಿತದ್ದೇ ವಿದ್ಯೆ. ಮೇಳದಲ್ಲಿ ಹಿಮ್ಮೇಳದವರು ಸೊಲ್ಲೆತ್ತಿಕೊಳ್ಳುತ್ತ ಕಲಿಯುತ್ತಾರೆ. ಕಥೆ ಪೂರ್ತಿ ಬಾಯಿಗೆ ಬಂದವರು ನಡುವೆ ನಿಂತು ತಂಬೂರಿ ಹಿಡಿಯುತ್ತಾರೆ. ಈರಮ್ಮ ಹಾಗೆ ತಂಬೂರಿ ಹಿಡಿದ ಮೇಲೆ ಅಕ್ಕಪಕ್ಕ ನಿಂತವರು ತಂಗಿ ಶಿವಮ್ಮ ಮತ್ತು ನಾದಿನಿ ಪಾರ್ವತಮ್ಮ.

ಬುಡ್ಗ ಜಂಗಮರ ಮನೆಮಾತು ತೆಲುಗು, ಕೇಳುವ ಊರುಗಳದು ಕನ್ನಡ. 1953ರ ಅಕ್ಟೋಬರ್ 1ರಂದು ಬಳ್ಳಾರಿ, ಸಿರುಗುಪ್ಪ ಮೊದಲಾದ ತಾಲ್ಲೂಕುಗಳು ಮೈಸೂರಿಗೂ, ಆದೋನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೂ ಹಂಚಿಹೋದವು. ಗಡಿ ಎಳೆದವರು ಕಥೆಗಳನ್ನು ಹಂಚಲಿಲ್ಲ. ಆಂಧ್ರದಲ್ಲಿ ಷೇಕ್ ನಾಜರ್ ಬುರ್ರಕಥೆಯನ್ನು ರಾಜಕೀಯ ವೇದಿಕೆಗೆ ತಂದು 1986ರಲ್ಲಿ ಪದ್ಮಶ್ರೀ ಪಡೆದರು. ಇತ್ತ ಈರಮ್ಮ ಹಳೆಯ ಕಥೆಗಳನ್ನೇ ನೆಚ್ಚಿಕೊಂಡಿದ್ದರು.

ಅವರ ಬಾಯಲ್ಲಿದ್ದ ಕಥೆಗಳಲ್ಲಿ ಕುಮಾರರಾಮನದೂ ಒಂದು. ಇದು ಪರಊರಿನ ಕಥೆಯಲ್ಲ. ರಾಮನ ತಂದೆ ಕಂಪಿಲರಾಯನ ಹೆಸರನ್ನು ನೆನಪಿಸುವ ಕಂಪ್ಲಿ ಕುರುಗೋಡಿನ ನೆರೆಯಲ್ಲೇ ಇದೆ. 1327ರ ಸುಮಾರಿಗೆ ಮಹಮ್ಮದ್ ಬಿನ್ ತುಘಲಕನ ಸೇನೆ ಆ ರಾಜ್ಯವನ್ನು ಅಳಿಸಿತು. ಮಲತಾಯಿಯ ಮೋಹವನ್ನು ಒಲ್ಲೆನೆಂದ ರಾಮನನ್ನು ನಂಜುಂಡ ಕವಿ ಸಾಂಗತ್ಯದಲ್ಲಿ ಹಾಡಿದ. ಬುರ್ರಕಥೆಯವರು ತಮ್ಮ ದಾರಿಯಲ್ಲಿ ಹಾಡಿದರು. ಬಾಲನಾಗಮ್ಮ, ಬೊಬ್ಬಿಲಿ ನಾಗಿರೆಡ್ಡಿಯ ಕಥೆಗಳೂ ಈರಮ್ಮನವರಲ್ಲಿದ್ದವು. ಒಂದೊಂದೂ ರಾತ್ರಿಗಟ್ಟಲೆ ನಡೆಯುವಂಥವು.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಪರಂಪರೆಯ ಕಥೆ ಹಾಡುವವರನ್ನು ಕವಿ ಎನ್ನಬಹುದೇ? ಎನ್ನಬಹುದು ಎಂಬುದು ಈ ಲೇಖಕನ ಅಭಿಪ್ರಾಯ. ಕಥೆಯ ಎಲುಬುಗೂಡು ಹಿರಿಯರದು, ನಿಜ. ಆದರೆ ಎಲ್ಲಿ ಹಿಗ್ಗಿಸಬೇಕು, ಎಲ್ಲಿ ಮಾತಿಗೆ ಇಳಿಯಬೇಕು, ಕೇಳುಗರು ತೂಕಡಿಸಿದರೆ ಏನು ಸೇರಿಸಬೇಕು ಎಂಬುದೆಲ್ಲ ಆ ರಾತ್ರಿಯ ಕಟ್ಟಾಣಿಕೆ. ನೆನಪಿನ ಶಕ್ತಿಯೊಂದನ್ನೇ ಹೊಗಳಿದರೆ ಈರಮ್ಮನವರಿಗೆ ಅರ್ಧ ಮರ್ಯಾದೆಯಷ್ಟೇ ಸಲ್ಲುತ್ತದೆ.

ಕೀರ್ತಿ ಬಂದದ್ದು ಇಳಿವಯಸ್ಸಿನಲ್ಲಿ. 1991ರಲ್ಲಿ ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ಆರಂಭವಾದ ಬಳಿಕ ಮೌಖಿಕ ಕಾವ್ಯಗಳ ಸಂಗ್ರಹಕ್ಕೆ ಬಿರುಸು ಬಂತು. ಹಾಡಿದ್ದು ಪುಸ್ತಕವಾಗುವಾಗ ಮೊದಲ ಬಾರಿಗೆ ಹಾಡಿದವರ ಹೆಸರೂ ಬೇಕಾಯಿತು. 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ, ಮುಂದೆ ಅದೇ ವಿಶ್ವವಿದ್ಯಾಲಯದ ನಾಡೋಜ ಗೌರವ. ಭಿಕ್ಷೆಯೆಂದು ಕಾಳು ಹಾಕಿಸಿಕೊಂಡ ಕಲೆಗೆ ಶಾಲು, ಫಲಕ ಬಂದವು. ಪದವಿ ಮಾತ್ರ ಒಬ್ಬರಿಗೇ ಕೊಡಲು ಬರುವಂಥದು. ಬುರ್ರಕಥೆಯನ್ನು ಒಬ್ಬರೇ ಹಾಡಲು ಬರುವುದಿಲ್ಲ. ಆಹ್ವಾನಪತ್ರದಲ್ಲಿ ಈರಮ್ಮನವರ ಹೆಸರು ದಪ್ಪಕ್ಷರದಲ್ಲಿದ್ದರೂ ವೇದಿಕೆಗೆ ಮೂವರೂ ಹತ್ತಬೇಕಿತ್ತು.

2014ರ ಆಗಸ್ಟ್ 12ರಂದು ಈರಮ್ಮ ತೀರಿಕೊಂಡರು.