ನಲವತ್ತು ದಾಟಿದ ಶ್ರಾವಕ–ಶ್ರಾವಿಕೆಯರ ಆರೋಗ್ಯದ ಲೆಕ್ಕ

ಅಂಗಡಿ ನಡೆಸುವವರಿಗೆ ವರ್ಷಕ್ಕೊಮ್ಮೆ ದಾಸ್ತಾನು ಲೆಕ್ಕ ತಪ್ಪಿದ್ದಲ್ಲ. ಎಷ್ಟು ಮಾಲು ಉಳಿದಿದೆ, ಯಾವುದು ಹಾಳಾಗಿದೆ, ಯಾರಿಂದ ಬಾಕಿ ಬರಬೇಕು ಎಂದು ನೋಡಿಯೇ ಹೊಸ ಪುಸ್ತಕ ತೆರೆಯುತ್ತೇವೆ. ಧರ್ಮದಲ್ಲೂ ಇದೇ ಕ್ರಮವಿದೆ. ಮಾಡಿದ ತಪ್ಪನ್ನು ಹಿಂತಿರುಗಿ ನೋಡಿ ತಿದ್ದಿಕೊಳ್ಳುವ ಪ್ರತಿಕ್ರಮಣ ಆರು ಆವಶ್ಯಕಗಳಲ್ಲಿ ಒಂದು. ಆದರೆ ಇವೆಲ್ಲವನ್ನೂ ಮಾಡಲು ಬೇಕಾದ ಶರೀರದ ಲೆಕ್ಕವನ್ನು ಮಾತ್ರ ನಮ್ಮಲ್ಲಿ ಹೆಚ್ಚಿನವರು ಕಾಯಿಲೆ ಬಂದು ಮಲಗುವ ತನಕ ತೆಗೆಯುವುದಿಲ್ಲ.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ತಮ್ಮ 46ನೇ ವಯಸ್ಸಿನಲ್ಲಿ ನಿಧನರಾದಾಗ ಇಡೀ ಕರ್ನಾಟಕ ದಿಗ್ಭ್ರಮೆಗೊಂಡಿತು. ನಿತ್ಯ ವ್ಯಾಯಾಮ ಮಾಡುತ್ತಿದ್ದವರಿಗೇ ಹೀಗಾದರೆ ನಮ್ಮ ಗತಿಯೇನು ಎಂದು ಜನ ಆಸ್ಪತ್ರೆಗೆ ಧಾವಿಸಿದರು. 2025ರಲ್ಲಿ ಪಕ್ಕದ ಹಾಸನ ಜಿಲ್ಲೆಯಿಂದ ಒಂದರ ಹಿಂದೆ ಒಂದು ಹೃದಯಾಘಾತದ ಸುದ್ದಿ ಬಂದಾಗಲೂ ಜಯದೇವ ಆಸ್ಪತ್ರೆಯ ಮುಂದೆ ಉದ್ದದ ಸಾಲು ನಿಂತಿತು. ಗಾಬರಿಯಿಂದ ಒಂದು ದಿನ ಸಾಲಿನಲ್ಲಿ ನಿಲ್ಲುವುದಕ್ಕಿಂತ, ಪ್ರತಿ ವರ್ಷ ಸಮಾಧಾನದಿಂದ ಲೆಕ್ಕ ನೋಡಿಕೊಳ್ಳುವುದು ಮೇಲು. ಆ ಉದ್ದೇಶದಿಂದ, ನಮ್ಮ ಮನೆಗಳ ಆಚಾರ ಮತ್ತು ಊಟಕ್ಕೆ ಹೊಂದುವಂತೆ ಈ ಮಾಹಿತಿಯನ್ನು ಕೊಡಲಾಗಿದೆ. ಇದು ವೈದ್ಯರ ಸಲಹೆಗೆ ಬದಲಿಯಲ್ಲ, ವೈದ್ಯರ ಬಳಿಗೆ ಹೋಗುವ ಮೊದಲಿನ ಸಿದ್ಧತೆ ಮಾತ್ರ.

ಜೈನರ ವೈದ್ಯ ಪರಂಪರೆ

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಔಷಧದಾನವೂ ಒಂದು. ನಮ್ಮ ಹಿರಿಯರು ವೈದ್ಯಶಾಸ್ತ್ರವನ್ನು ಬರೆದವರೂ ಹೌದು. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯಾಚಾರ್ಯರು ಸಂಸ್ಕೃತದಲ್ಲಿ ‘ಕಲ್ಯಾಣಕಾರಕ’ವನ್ನು ರಚಿಸಿ, ಮದ್ಯ, ಮಾಂಸ, ಮಧುಗಳಿಲ್ಲದೆ ಚಿಕಿತ್ಸೆ ಸಾಧ್ಯವೆಂದು ತೋರಿಸಿದರು. ಪೂಜ್ಯಪಾದರ ವೈದ್ಯಗ್ರಂಥವನ್ನು ಜಗದ್ದಳ ಸೋಮನಾಥ 12ನೇ ಶತಮಾನದಲ್ಲಿ ಕನ್ನಡಕ್ಕೆ ತಂದ. ಕೀರ್ತಿವರ್ಮ ‘ಗೋವೈದ್ಯ’ ಬರೆದರೆ, 14ನೇ ಶತಮಾನದ ಮಂಗರಾಜ ವಿಷಚಿಕಿತ್ಸೆಯ ಮೇಲೆ ‘ಖಗೇಂದ್ರಮಣಿದರ್ಪಣ’ ಬರೆದ. ಆದ್ದರಿಂದ ಶರೀರವನ್ನು ನೋಡಿಕೊಳ್ಳುವುದು ದೇಹದ ಮೇಲಿನ ಮೋಹ ಎಂದು ತಳ್ಳಿಹಾಕುವುದು ನಮ್ಮ ಪರಂಪರೆಗೆ ಒಪ್ಪುವ ಮಾತಲ್ಲ.

ಮಲೆನಾಡಿನವರು ಗಟ್ಟಿ ಎಂಬ ನಂಬಿಕೆ

ಕಳಸ–ಕಾರ್ಕಳದ ಭೈರರಸರು ಆಳಿದ ನಾಡು ನಮ್ಮದು. ಸಂಸೆ, ಕಳಸ, ಕುದುರೆಮುಖದ ಕಡೆಯ ಹಿಂದಿನ ತಲೆಮಾರಿನವರು ಗುಡ್ಡ ಹತ್ತಿ ಇಳಿದು, ತಲೆ ಮೇಲೆ ಹೊರೆ ಹೊತ್ತು, ಗದ್ದೆ ತೋಟದಲ್ಲಿ ದುಡಿದು ಮೂರು ಹೊತ್ತು ಅನ್ನ ಉಂಡರು. ಅದು ಅವರಿಗೆ ಜೀರ್ಣವಾಯಿತು. ಈಗ ತೋಟದ ತುದಿಯವರೆಗೆ ಜೀಪು, ಬಸದಿಗೆ ಬೈಕು, ಅಂಗಡಿಯಲ್ಲಿ ದಿನವಿಡೀ ಕುರ್ಚಿ. ಊಟ ಮಾತ್ರ ಅಜ್ಜನ ಕಾಲದ್ದೇ ಉಳಿದಿದೆ.

ನನ್ನದೇ ಉದಾಹರಣೆ ಹೇಳುತ್ತೇನೆ. ಐವತ್ತೆರಡರ ಸುಮಾರಿಗೆ ಒಂದು ತಪಾಸಣಾ ಶಿಬಿರದಲ್ಲಿ ಬಂದವರ ಹೆಸರು ಬರೆದುಕೊಳ್ಳುವ ಸೇವೆಗೆ ಕುಳಿತಿದ್ದೆ. ಸಂಜೆ ಎಲ್ಲ ಮುಗಿದ ಮೇಲೆ ದಾದಿ ನನ್ನ ಕೈಗೂ ಪಟ್ಟಿ ಕಟ್ಟಿ ನೋಡಿದರು. ರಕ್ತದೊತ್ತಡ 164/102 ಇತ್ತು. ತಲೆನೋವಿಲ್ಲ, ತಲೆಸುತ್ತಿಲ್ಲ, ಯಾವ ತೊಂದರೆಯೂ ಇರಲಿಲ್ಲ. ಅಂದು ನೋಡದೆ ಇದ್ದಿದ್ದರೆ ಇಂದು ಇದನ್ನು ಬರೆಯುತ್ತಿದ್ದೆನೋ ಇಲ್ಲವೋ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ದೊಡ್ಡವರಲ್ಲಿ ನೂರಕ್ಕೆ ಸುಮಾರು 35 ಮಂದಿಗೆ ರಕ್ತದೊತ್ತಡ ಹೆಚ್ಚಿದೆ. ಸಸ್ಯಾಹಾರಿಗಳಾದ ನಾವು ಇದರಿಂದ ಹೊರಗಿಲ್ಲ.

ಮನೆಯಲ್ಲೇ ನೋಡಿಕೊಳ್ಳಬಹುದಾದ ಅಳತೆಗಳು

ಸೊಂಟದ ಸುತ್ತಳತೆ: ಟೇಲರ್ ಟೇಪು ಸಾಕು. ಉಸಿರು ಬಿಟ್ಟ ಸ್ಥಿತಿಯಲ್ಲಿ, ಕೆಳಗಿನ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ ಅಳೆಯಬೇಕು. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಎಚ್ಚರಿಕೆ. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದಿರುವುದು ನಮ್ಮವರಲ್ಲಿ ಸಾಮಾನ್ಯ. ಅಪಾಯ ಇರುವುದು ಆ ಹೊಟ್ಟೆಯಲ್ಲೇ.

ತೂಕ: ಕಿಲೋ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿ. ಬರುವ ಸಂಖ್ಯೆ ಭಾರತೀಯರಲ್ಲಿ 23ರೊಳಗೆ ಇರಬೇಕು. 25 ದಾಟಿದರೆ ಬೊಜ್ಜು. 1.65 ಮೀಟರ್ ಎತ್ತರ, 70 ಕಿಲೋ ತೂಕದವರಿಗೆ ಇದು 25.7 ಬರುತ್ತದೆ.

ರಕ್ತದೊತ್ತಡ: ನೋಡುವ ಮೊದಲು ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಸುಮ್ಮನೆ ಕುಳಿತಿರಬೇಕು. ಅದಕ್ಕೂ ಅರ್ಧ ಗಂಟೆ ಮೊದಲು ಕಾಫಿ ಬೇಡ. ಕೈ ಹೃದಯದ ಮಟ್ಟದಲ್ಲಿರಲಿ. ಎರಡು ಸಲ ನೋಡಿ ಬರೆದಿಡಿ. 120/80ರೊಳಗೆ ಇದ್ದರೆ ಒಳ್ಳೆಯದು. ಬೇರೆ ಬೇರೆ ದಿನ ನೋಡಿದಾಗಲೂ 140/90 ಅಥವಾ ಹೆಚ್ಚು ಇದ್ದರೆ ವೈದ್ಯರನ್ನು ಕಾಣಲೇಬೇಕು.

ಮೆಟ್ಟಿಲು: ಎರಡು ಮಹಡಿ ಹತ್ತುವಾಗ ಎದೆ ಹಿಡಿದಂತಾಗಿ, ನಿಂತರೆ ಕಡಿಮೆಯಾಗುತ್ತದೆಯೇ? ಇದನ್ನು ವಯಸ್ಸಿನ ಸುಸ್ತು ಎಂದು ಬಿಡಬಾರದು. ಹೃದಯದ ರಕ್ತನಾಳ ಕಿರಿದಾದಾಗ ಕಾಣುವ ಲಕ್ಷಣ ಇದೇ.

ರಕ್ತ ಪರೀಕ್ಷೆಯ ಸಂಖ್ಯೆಗಳು

ಖಾಲಿ ಹೊಟ್ಟೆಯ ಸಕ್ಕರೆ 100ಕ್ಕಿಂತ ಕಡಿಮೆ ಇರಬೇಕು. 100ರಿಂದ 125 ಹೊಸ್ತಿಲು, 126 ಮತ್ತು ಮೇಲ್ಪಟ್ಟು ಸಕ್ಕರೆ ಕಾಯಿಲೆ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 5.7ರಿಂದ 6.4 ಇದ್ದರೆ ಹೊಸ್ತಿಲು, 6.5 ಮತ್ತು ಮೇಲ್ಪಟ್ಟರೆ ಕಾಯಿಲೆ. ತೊಂದರೆಯ ಲಕ್ಷಣಗಳಿಲ್ಲದಿದ್ದರೆ ಒಂದೇ ವರದಿಯಿಂದ ತೀರ್ಮಾನಿಸದೆ ಇನ್ನೊಮ್ಮೆ ಪರೀಕ್ಷಿಸುತ್ತಾರೆ. ಹೊಸ್ತಿಲಲ್ಲಿರುವವರು ತೂಕ ಇಳಿಸಿ, ನಡಿಗೆ ಹೆಚ್ಚಿಸಿದರೆ ಹಿಂದಕ್ಕೆ ಬರುವುದಕ್ಕೆ ಅವಕಾಶವಿದೆ.

ಇದರ ಜೊತೆಗೆ ಕೊಲೆಸ್ಟರಾಲ್, ಮೂತ್ರಪಿಂಡದ ಕ್ರಿಯಾಟಿನಿನ್, ಹಿಮೋಗ್ಲೋಬಿನ್, ಥೈರಾಯ್ಡ್ ಇವುಗಳಲ್ಲಿ ಯಾವುದು ಬೇಕೆಂದು ವೈದ್ಯರು ಹೇಳುತ್ತಾರೆ. ನಮ್ಮವರು ಕೇಳಿ ಮಾಡಿಸಬೇಕಾದದ್ದು ವಿಟಮಿನ್ ಬಿ12. ಸಸ್ಯಾಹಾರದಲ್ಲಿ ಇದು ಹಾಲು, ಮೊಸರಿನಿಂದ ಮಾತ್ರ ಸಿಗುತ್ತದೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಹಳ ವರ್ಷ ತೆಗೆದುಕೊಂಡವರಲ್ಲಿ ಇನ್ನೂ ಕಡಿಮೆಯಾಗುತ್ತದೆ. ಪಾದ ಜುಮುಗುಡುವುದು, ಮರೆವು, ಸುಸ್ತು ಇದರ ಲಕ್ಷಣಗಳು. ಸಕ್ಕರೆ ಕಾಯಿಲೆ ಇರುವವರು ವರ್ಷಕ್ಕೊಮ್ಮೆ ಕಣ್ಣಿನ ಒಳಪರದೆ ಮತ್ತು ಪಾದಗಳನ್ನೂ ತೋರಿಸಬೇಕು.

ಮೂವತ್ತು ದಾಟಿದ ಎಲ್ಲರಿಗೂ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ರಕ್ತದೊತ್ತಡ ಮತ್ತು ಸಕ್ಕರೆಯ ಉಚಿತ ತಪಾಸಣೆ ಇದೆ. ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಯೂ ಇದೇ ಕಾರ್ಯಕ್ರಮದಲ್ಲಿ ಸೇರಿದೆ.

ನಮ್ಮ ಅಡುಗೆ ಮನೆ

ಸೂರ್ಯಾಸ್ತಕ್ಕೆ ಮೊದಲು ಊಟ, ಸೋಸಿ ಕಾಯಿಸಿದ ನೀರು, ಮದ್ಯ–ಮಾಂಸ ತ್ಯಾಗ ಇವು ನಮಗೆ ಹುಟ್ಟಿನಿಂದ ಬಂದ ಲಾಭ. ಆದರೆ ಬೆಳಿಗ್ಗೆ ಕಡುಬು ಅಥವಾ ಅಕ್ಕಿ ರೊಟ್ಟಿ, ಮಧ್ಯಾಹ್ನ ಅನ್ನ, ಸಂಜೆ ಮತ್ತೆ ಅನ್ನ ಎಂದರೆ ದಿನವಿಡೀ ಅಕ್ಕಿಯೇ ಆಯಿತು. ಒಂದು ಹೊತ್ತಿನ ಅನ್ನ ಕಡಿಮೆ ಮಾಡಿ ಹೆಸರುಕಾಳು, ಕಡಲೆ, ತೊಗರಿ, ಮೊಸರು, ಸೊಪ್ಪು, ತರಕಾರಿ ಹೆಚ್ಚಿಸಬಹುದು.

ಸಕ್ಕರೆ ಬಿಟ್ಟು ಬೆಲ್ಲದ ಕಾಫಿ ಕುಡಿದರೆ ತೊಂದರೆಯಿಲ್ಲ ಎಂಬ ಮಾತು ಸರಿಯಲ್ಲ, ಬೆಲ್ಲವೂ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಉಪ್ಪು ದಿನಕ್ಕೆ ಒಬ್ಬರಿಗೆ 5 ಗ್ರಾಂ, ಅಂದರೆ ಒಂದು ಟೀ ಚಮಚದೊಳಗೆ ಇರಬೇಕು. ಮಿಡಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯ ಉಪ್ಪೂ ಇದರಲ್ಲೇ ಸೇರಬೇಕು.

ಅಡಿಕೆಯ ವಿಷಯ ಹೇಳುವುದು ಕಷ್ಟ, ಏಕೆಂದರೆ ನಮ್ಮಲ್ಲಿ ಎಷ್ಟೋ ಮನೆಗಳು ಅಡಿಕೆಯಿಂದಲೇ ಬದುಕಿವೆ. ಆದರೂ ಅಡಿಕೆ ಜಗಿಯುವುದು ಬಾಯಿ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೇಳಿದೆ. ಹೊಗೆಸೊಪ್ಪು ಸೇರಿದರೆ ಅಪಾಯ ಇನ್ನೂ ಹೆಚ್ಚು. ಬಾಯಿ ತೆರೆಯಲು ಕಷ್ಟವಾಗುತ್ತಿದ್ದರೆ, ಎರಡು ವಾರವಾದರೂ ಆರದ ಹುಣ್ಣು ಅಥವಾ ಬಿಳಿ ಮಚ್ಚೆ ಇದ್ದರೆ ಕೂಡಲೇ ತೋರಿಸಬೇಕು.

ವ್ರತ, ಉಪವಾಸ ಮತ್ತು ಮಾತ್ರೆ

ಹೊರಗಿನ ವೈದ್ಯರಿಗೆ ಗೊತ್ತಿಲ್ಲದೆ ಇರಬಹುದಾದ, ನಾವೇ ಬಾಯಿಬಿಟ್ಟು ಹೇಳಬೇಕಾದ ವಿಷಯ ಇದು. ಅಷ್ಟಮಿ, ಚತುರ್ದಶಿ, ದಶಲಕ್ಷಣ ಪರ್ವಗಳಲ್ಲಿ ಉಪವಾಸ ಅಥವಾ ಏಕಾಶನ ಮಾಡುವವರು, ರಾತ್ರಿ ಭೋಜನ ತ್ಯಾಗ ಇರುವವರು ಅದನ್ನು ಮೊದಲೇ ವೈದ್ಯರಿಗೆ ತಿಳಿಸಬೇಕು. ‘ರಾತ್ರಿ ಊಟದ ನಂತರ’ ಎಂದು ಬರೆದ ಮಾತ್ರೆಯನ್ನು ನಾವು ಸಂಜೆ ಆರಕ್ಕೆ ಉಂಡು ಹತ್ತಕ್ಕೆ ನುಂಗಿದರೆ, ಅಥವಾ ನುಂಗದೆಯೇ ಬಿಟ್ಟರೆ, ಎರಡೂ ತಪ್ಪು. ಹೇಳಿದರೆ ಹೆಚ್ಚಿನ ಮಾತ್ರೆಗಳ ಹೊತ್ತನ್ನು ಸೂರ್ಯಾಸ್ತಕ್ಕೆ ಮೊದಲು ಹೊಂದಿಸಿ ಕೊಡುತ್ತಾರೆ.

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಂಡು ಊಟ ಬಿಟ್ಟರೆ ಸಕ್ಕರೆ 70ಕ್ಕಿಂತ ಕೆಳಗೆ ಇಳಿಯಬಹುದು. ಬೆವರು, ನಡುಕ, ತಡವರಿಸುವ ಮಾತು, ಕೊನೆಗೆ ಪ್ರಜ್ಞೆ ತಪ್ಪುವುದು ಇದರ ಲಕ್ಷಣ. ಡಾಪಾಗ್ಲಿಫ್ಲೋಜಿನ್‌ನಂಥ ಮಾತ್ರೆ ಇರುವವರಿಗೆ ನೀರೂ ಇಲ್ಲದ ಉಪವಾಸ ಇನ್ನೊಂದು ಬಗೆಯ ಅಪಾಯ ತರಬಹುದು. ಇಂಥವರು ಮಾತ್ರೆಯ ಪ್ರಮಾಣ ಕೇಳದೆ ಉಪವಾಸ ಹಿಡಿಯಬಾರದು. ನಮ್ಮ ಪರಿಚಯದ ಹಿರಿಯರೊಬ್ಬರು ಚತುರ್ದಶಿಯ ದಿನ ಮಾತ್ರೆ ನುಂಗಿ ಉಪವಾಸವಿದ್ದು ಬಸದಿಯಲ್ಲೇ ಕುಸಿದರು. ಸಕ್ಕರೆ ನೀರು ಕುಡಿಸಿದ ಮೇಲೆ ಎದ್ದು ಕುಳಿತ ಅವರು ಮೊದಲು ಕೇಳಿದ್ದು, ವ್ರತ ಭಂಗವಾಯಿತೇ ಎಂದು.

ಅವರಿಗೆ ಕೊಡಬೇಕಾದ ಉತ್ತರ ಶಾಸ್ತ್ರದಲ್ಲೇ ಇದೆ. ತೀರ್ಥಂಕರ ನಾಮಕರ್ಮಕ್ಕೆ ಕಾರಣವಾದ ಹದಿನಾರು ಭಾವನೆಗಳಲ್ಲಿ ತ್ಯಾಗ, ತಪಗಳನ್ನು ‘ಶಕ್ತಿತಃ’, ಅಂದರೆ ಶಕ್ತಿಗೆ ತಕ್ಕಂತೆ ಎಂದೇ ಹೇಳಲಾಗಿದೆ. ಬಾಹ್ಯ ತಪಗಳಲ್ಲಿ ಅನಶನ ಒಂದೇ ಅಲ್ಲ. ಹೊಟ್ಟೆ ತುಂಬುವ ಮೊದಲೇ ಏಳುವ ಅವಮೌದರ್ಯವಿದೆ, ತುಪ್ಪ–ಸಿಹಿ–ಉಪ್ಪು ಬಿಡುವ ರಸಪರಿತ್ಯಾಗವಿದೆ. ಸಕ್ಕರೆ, ರಕ್ತದೊತ್ತಡ ಇರುವವರಿಗೆ ಈ ಎರಡು ತಪಗಳು ವರ್ಷವಿಡೀ ಮಾಡಲು ತಕ್ಕವು. ನಿಯಮ ತೆಗೆದುಕೊಳ್ಳುವಾಗಲೇ ತಮ್ಮ ಕಾಯಿಲೆಯನ್ನು ಗುರುಗಳಿಗೆ ತಿಳಿಸುವುದು ಒಳ್ಳೆಯದು.

ನಡಿಗೆ ಮತ್ತು ಬಲ

ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆ, ಜೊತೆಗೆ ವಾರಕ್ಕೆ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ಕೆಲಸ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅದೇ ಸರಿಯಾದ ವೇಗ. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುವುದು ತೊಡೆಗೆ ಒಳ್ಳೆಯ ಅಭ್ಯಾಸ. ಮಳೆಗಾಲದ ನಾಲ್ಕು ತಿಂಗಳು ಸಂಸೆಯಲ್ಲಿ ಹೊರಗೆ ನಡೆಯುವುದು ಆಗದ ಮಾತು. ಜಗಲಿಯಲ್ಲಿ ಅಥವಾ ಬಸದಿಯ ಒಳಗೆ ಪ್ರದಕ್ಷಿಣೆ ಹಾಕಿದರೂ ನಡಿಗೆಯೇ.

ಶ್ರವಣಬೆಳಗೊಳದ ವಿಂಧ್ಯಗಿರಿಗೆ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳಿವೆ. ಯಾತ್ರೆಗೆ ಎರಡು ತಿಂಗಳು ಮೊದಲೇ ದಿನವೂ ಸ್ವಲ್ಪ ಸ್ವಲ್ಪ ಏರು ಹತ್ತಿ ಅಭ್ಯಾಸ ಮಾಡಿದರೆ ಬಾಹುಬಲಿ ಸ್ವಾಮಿಯ ದರ್ಶನ ಸುಖವಾಗುತ್ತದೆ.

ಎದೆನೋವು ಬಂದರೆ

ನಮ್ಮ ಕಡೆಯಿಂದ ಮಂಗಳೂರಿನ ದೊಡ್ಡ ಆಸ್ಪತ್ರೆಗೆ ನೂರು ಕಿಲೋಮೀಟರಿಗೂ ಹೆಚ್ಚು ಘಾಟಿ ದಾರಿ. 2019ರ ಆಗಸ್ಟ್ ಮಳೆಯಲ್ಲಿ ಗುಡ್ಡ ಕುಸಿದು ದಾರಿಗಳೇ ಮುಚ್ಚಿದ್ದನ್ನು ಕಂಡಿದ್ದೇವೆ. ಆದ್ದರಿಂದ ‘ಗ್ಯಾಸ್ ಇರಬೇಕು, ಬೆಳಿಗ್ಗೆ ನೋಡೋಣ’ ಎನ್ನುವುದು ನಮಗೆ ಇನ್ನೂ ದುಬಾರಿ. ಎದೆಯಲ್ಲಿ ಭಾರ, ಎಡಗೈ, ಬೆನ್ನು ಅಥವಾ ದವಡೆಗೆ ಹಬ್ಬುವ ನೋವು, ತಣ್ಣನೆ ಬೆವರು, ಉಸಿರಾಟದ ಕಷ್ಟ ಕಂಡರೆ 108ಕ್ಕೆ ಕರೆಮಾಡಿ, ಹತ್ತಿರದಲ್ಲಿ ಇಸಿಜಿ ಎಲ್ಲಿದೆಯೋ ಅಲ್ಲಿಗೆ ಮೊದಲು ಹೋಗಬೇಕು. ಸಕ್ಕರೆ ಕಾಯಿಲೆ ಇರುವವರಲ್ಲಿ ಮತ್ತು ಹೆಂಗಸರಲ್ಲಿ ನೋವೇ ಇಲ್ಲದೆ ಬರೀ ಸುಸ್ತು, ವಾಕರಿಕೆ ಇರಬಹುದು. ರೋಗಿ ತಾನೇ ವಾಹನ ಓಡಿಸಬಾರದು.

ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಮಟ್ಟದ ಸರ್ಕಾರಿ ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳುಹಿಸಿ, ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ಮಂಗಳೂರು ಕೆಎಂಸಿಯ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ 2018ರಲ್ಲಿ ಆರಂಭಿಸಿದ ಕೆಲಸವೂ ಇದೇ ಬಗೆಯದು: ಹಳ್ಳಿಗಳ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಕೊಟ್ಟು, ವಾಟ್ಸ್ಆ್ಯಪ್ ಮೂಲಕ ವರದಿ ನೋಡಿ ಸಲಹೆ ಕೊಡುವುದು. ನಿಮ್ಮ ಊರಿನ ಹತ್ತಿರ ಇಂಥ ಯಂತ್ರ ಎಲ್ಲಿದೆ, ರಾತ್ರಿ ತೆರೆದಿರುತ್ತದೆಯೇ ಎಂದು ಇಂದೇ ವಿಚಾರಿಸಿಟ್ಟುಕೊಳ್ಳಿ.

ಮನೆಯ ಹೆಂಗಸರ ಲೆಕ್ಕ

ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವರು, ಎಲ್ಲರ ಮಾತ್ರೆ ನೆನಪಿಸಿ ತಮ್ಮದನ್ನು ಮರೆಯುವವರು ಇವರೇ. ಮುಟ್ಟು ನಿಂತ ಮೇಲೆ ಮೂಳೆಯ ಸವೆತ, ರಕ್ತದೊತ್ತಡ, ಹೃದಯದ ಕಾಯಿಲೆ ಇವು ಹೆಚ್ಚುತ್ತವೆ. ನಿಂತ ಮೇಲೆ ಮತ್ತೆ ರಕ್ತ ಕಂಡರೆ, ಸ್ತನದಲ್ಲಿ ಗಂಟು ಸಿಕ್ಕರೆ ಸಂಕೋಚದಿಂದ ಮುಚ್ಚಿಡಬಾರದು. ಗಂಡಸರು ತಪಾಸಣೆಗೆ ಹೋಗುವ ದಿನ ಮನೆಯವರನ್ನೂ ಕರೆದುಕೊಂಡೇ ಹೋಗುವುದು ಒಳ್ಳೆಯ ರೂಢಿ.

ಒಂದು ಪುಟದ ಪುಸ್ತಕ

ವರ್ಷದಲ್ಲಿ ಒಂದು ದಿನ ಗೊತ್ತುಮಾಡಿಕೊಳ್ಳಿ. ಹುಟ್ಟುಹಬ್ಬವಾಗಲಿ, ಮಹಾವೀರ ನಿರ್ವಾಣದ ದೀಪಾವಳಿಯಾಗಲಿ. ಒಂದು ಪುಟದಲ್ಲಿ ತೂಕ, ಸೊಂಟದ ಅಳತೆ, ರಕ್ತದೊತ್ತಡ, ಸಕ್ಕರೆ, ತೆಗೆದುಕೊಳ್ಳುವ ಮಾತ್ರೆಗಳ ಹೆಸರು, ಇರುವ ವ್ರತ ನಿಯಮಗಳು, ತಂದೆ–ತಾಯಿ, ಅಣ್ಣ–ತಮ್ಮಂದಿರಿಗೆ ಇದ್ದ ಕಾಯಿಲೆ ಇಷ್ಟನ್ನು ಬರೆದಿಡಿ. ಆಸ್ಪತ್ರೆಗೆ ಹೋಗುವಾಗ ಆ ಪುಟ ಜೊತೆಗಿರಲಿ, ಅದು ಎಲ್ಲಿದೆ ಎಂದು ಮಕ್ಕಳಿಗೂ ಗೊತ್ತಿರಲಿ. ಆರಾಮ ಅನಿಸಿತೆಂದು ಮಾತ್ರೆಯನ್ನು ತಾವಾಗಿ ನಿಲ್ಲಿಸಬೇಡಿ. ರಕ್ತದೊತ್ತಡದ ಮಾತ್ರೆಯಲ್ಲಿ ಹೀಗೆ ಮಾಡಿ ಪಾರ್ಶ್ವವಾಯು ತಂದುಕೊಂಡವರಿದ್ದಾರೆ.

ಊರಿನ ಜೈನ ಸಂಘಗಳು, ಯುವಕ ಮತ್ತು ಮಹಿಳಾ ಸಮಾಜಗಳು ವಾರ್ಷಿಕೋತ್ಸವದ ದಿನ ಒಂದು ಮೇಜು ಹಾಕಿ ಬಂದವರ ರಕ್ತದೊತ್ತಡ ನೋಡಿಸಿದರೂ ಅದು ಔಷಧದಾನವೇ. ಆ ಮೇಜಿನ ಹಿಂದೆ ಕುಳಿತ ಸ್ವಯಂಸೇವಕರು ಕೊನೆಗೆ ತಮ್ಮ ಕೈಗೂ ಪಟ್ಟಿ ಕಟ್ಟಿಸಿಕೊಂಡೇ ಏಳಲಿ.

ಜೈ ಜಿನೇಂದ್ರ.