ಗೆರೆ, ಚುಕ್ಕೆ ಮತ್ತು ಬರಿದಾದ ಮನೆ

ಮುಂಬಯಿಯ ಗಣಕವೃತ್ತಿಯ ಆರಂಭಕಾಲದಲ್ಲಿ ಅಕ್ಷರಸಾಲನ್ನು ಸೀಳುವ ತೊಡಕು ಅಷ್ಟಾಗಿ ಇರಲಿಲ್ಲವೆಂದರೆ ಇಂದಿನವರಿಗೆ ಸೋಜಿಗವೆನಿಸೀತು. 1964ರಲ್ಲಿ ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಸಿ.ಡಿ.ಸಿ. 3600 ಯಂತ್ರವು ಬಂದಾಗ, ಅದಕ್ಕೆ ಉಣಿಸುತ್ತಿದ್ದ ಪಂಚ್ ಕಾರ್ಡಿನಲ್ಲಿ 80 ಕಾಲಮುಗಳಿದ್ದು, ಫೋರ್ಟ್ರಾನ್ ಭಾಷೆಯ ವಿಧಿಯಂತೆ ಮೊದಲ 5 ಕಾಲಮುಗಳು ಆದೇಶದ ಗುರುತುಸಂಖ್ಯೆಗೂ, 6ನೆಯದು ಮುಂದುವರಿಕೆಯ ಗುರುತಿಗೂ, 7ರಿಂದ 72ರವರೆಗಿನವು ಆದೇಶಕ್ಕೂ ಮೀಸಲಾಗಿದ್ದುವು. ಸ್ಥಾನವೇ ಅರ್ಥವನ್ನು ಹೇಳುತ್ತಿದ್ದುದರಿಂದ ಈ ಭಾಗಗಳ ನಡುವೆ ಗಡಿಕಲ್ಲು ಬೇಕಾಗಿರಲಿಲ್ಲ.

1973ರಲ್ಲಿ ಅಂಧೇರಿಯಲ್ಲಿ ಸ್ಥಾಪಿತವಾದ ಸೀಪ್ಜ್ ಎಂಬ ರಫ್ತು ವಲಯದಲ್ಲಿ ಮುಂದೆ ತಂತ್ರಾಂಶದ ಉದ್ಯಮವು ಬೇರೂರಿ, ಒಂದು ಯಂತ್ರದ ಕಡತವು ಮತ್ತೊಂದಕ್ಕೆ ಹೋಗಬೇಕಾಗಿ ಬರಲು, ವಿಭಾಜಕ ಚಿಹ್ನೆಯ ಅಗತ್ಯವು ಹೆಚ್ಚಿತು. ಅಲ್ಪವಿರಾಮವನ್ನಿಡೋಣವೆಂದರೆ ವಿಳಾಸದೊಳಗೇ ಅದು ಹತ್ತೆಡೆ ಕುಳಿತಿರುತ್ತದೆ. ಆದುದರಿಂದ ಬರೆಹದಲ್ಲಿ ಅಪರೂಪವಾದ ಪೈಪೆಂಬ ನಿಲುಗೆರೆಗೆ ಮಾನ್ಯತೆ ಬಂದಿತು.

1996ರಲ್ಲಿ ಹೊರಬಂದ ಜಾವಾ ಭಾಷೆಯ ಮೊದಲ ಆವೃತ್ತಿಯಲ್ಲಿ, ಇಂಥ ಚಿಹ್ನೆಯಿದ್ದೆಡೆ ಸಾಲನ್ನು ಸೀಳುವ ಕಾರ್ಯಕ್ಕೆ ಸ್ಟ್ರಿಂಗ್ ಟೋಕನೈಸರ್ ಇದ್ದಿತು. ಹೆಸರು, ತಂದೆಯ ಹೆಸರು, ಅಡ್ಡಹೆಸರು, ಹುಟ್ಟೂರುಗಳನ್ನು ಕೇಳುವ ಮುಂಬಯಿಯ ಅರ್ಜಿಯಲ್ಲಿ ತೆಂಕಣದ ಕನ್ನಡಿಗನು ಅಡ್ಡಹೆಸರಿನ ಮನೆಯನ್ನು ಬರಿದು ಬಿಡುವುದುಂಟಷ್ಟೆ. ‘ಸುಬ್ಬರಾಯ|ಅನಂತಯ್ಯ||ಉಡುಪಿ’ ಎಂಬ ಸಾಲಿನಲ್ಲಿ ಜೋಡಿಗೆರೆಯನ್ನು ಟೋಕನೈಸರ್ ಒಂದೆಂದೇ ಎಣಿಸುವುದರಿಂದ, ಹುಟ್ಟೂರು ಅಡ್ಡಹೆಸರಿನ ಪೀಠವನ್ನೇರುತ್ತಿತ್ತು. ಊರನ್ನೇ ಅಡ್ಡಹೆಸರಾಗಿ ಧರಿಸಿದವರು ನಮ್ಮಲ್ಲಿ ಕಡಿಮೆಯಿಲ್ಲವಾಗಿ ಈ ಪ್ರಮಾದವು ಅಷ್ಟು ಅನ್ಯಾಯದ್ದೂ ಅಲ್ಲವೆನ್ನಿ!

2002ರ ಜಾವಾ 1.4ರೊಡನೆ ಇದೇ ಕೆಲಸಕ್ಕೆ ಸ್ಪ್ಲಿಟ್ ಎಂಬ ವಿಧಾನವು ಬಂದಿತು. ಆದರೆ ಅದು ಕೇಳುವುದು ಚಿಹ್ನೆಯನ್ನಲ್ಲ, ವಿನ್ಯಾಸಸೂತ್ರವನ್ನು (ರೆಗ್ಯುಲರ್ ಎಕ್ಸ್‌ಪ್ರೆಶನ್). ಗಣಿತಜ್ಞ ಕ್ಲೀನಿಯು 1950ರ ದಶಕದಲ್ಲಿ ಗಣಿತವಾಗಿ ಕಟ್ಟಿ, 1968ರಲ್ಲಿ ಕೆನ್ ಥಾಂಪ್ಸನ್ ಪಠ್ಯಶೋಧನೆಗೆ ಅಳವಡಿಸಿ ತೋರಿಸಿದ ಭಾಷೆಯದು. ಅಲ್ಲಿ ಚುಕ್ಕೆಗೆ ‘ಯಾವುದೇ ಅಕ್ಷರ’ವೆಂದೂ ಪೈಪಿಗೆ ‘ಇದು ಇಲ್ಲವೆ ಅದು’ ಎಂದೂ ಅರ್ಥ. ಬರಿಯ ಪೈಪನ್ನು ಕೊಟ್ಟರೆ ಸಾಲೆಲ್ಲವೂ ಬಿಡಿಬಿಡಿಯಾಗಿ ಚೆದರಿ, ಕನ್ನಡದ ಗುಣಿತಾಕ್ಷರವಾದರೆ ವ್ಯಂಜನದಿಂದ ಸ್ವರಚಿಹ್ನೆಯೂ ಕಳಚಿಬೀಳುವುದು. ಚುಕ್ಕೆಯನ್ನು ಕೊಟ್ಟರೆ ಪ್ರತಿಯಕ್ಷರವೂ ವಿಭಾಜಕವೇ ಆಗಿ ಕೈಗೆ ಏನೂ ಉಳಿಯದು. ಚಿಹ್ನೆಯ ಈ ಮಹಿಮೆಯನ್ನು ಕಳೆಯಲು ಬ್ಯಾಕ್‌ಸ್ಲ್ಯಾಷ್ ಬೇಕು; ಅದಾದರೋ ಜಾವಾದ ಉದ್ಧರಣೆಯೊಳಗೆ ತಾನೇ ವಿಶೇಷ ಚಿಹ್ನೆಯಾದುದರಿಂದ ಎರಡು ಬಾರಿ ಬರೆಯಬೇಕು; ಹುಡುಕುವುದು ಬ್ಯಾಕ್‌ಸ್ಲ್ಯಾಷನ್ನೇ ಆದರೆ ನಾಲ್ಕು! 2004ರ ಜಾವಾ 5ರಲ್ಲಿ ಬಂದ, ಚಿಹ್ನೆಯನ್ನು ಇದ್ದಂತೆಯೇ ಓದಿಸುವ ಪ್ಯಾಟರ್ನ್ ಕೋಟ್ ಈ ಲೆಕ್ಕದ ತಲೆನೋವನ್ನು ತಪ್ಪಿಸಿತು. ನಡುವಣ ಬರಿಮನೆಯನ್ನು ಸ್ಪ್ಲಿಟ್ ಕಾಪಾಡುವುದಾದರೂ ಸಾಲಿನ ತುದಿಯ ಬರಿಮನೆಗಳನ್ನು ಮೌನವಾಗಿ ಕತ್ತರಿಸಿಬಿಡುತ್ತದೆ. ಅವೂ ಉಳಿಯಬೇಕಾದರೆ ಸ್ಪ್ಲಿಟ್‌ಗೆ ಕೊಡುವ ಮಿತಿಯ ಸ್ಥಾನದಲ್ಲಿ -1 ಎಂದು ಬರೆಯತಕ್ಕದ್ದು.